ಹುಕ್ಕಾ ಹತ್ತಿಸುವವನ ಎದೆ

ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಆರಡಿಯ ಮೇಲೆ ಮೂರು ಬೆರಳು ಎತ್ತರ, ಮೈಯಲ್ಲಿ ಮಾಂಸ ಎಂಬುದು ಹೆಸರಿಗಷ್ಟೇ. ಅಂಗಡಿಯಲ್ಲಿ ಬಲ್ಬು ಬದಲಿಸಬೇಕಾದರೆ ಯಾರೂ ಸ್ಟೂಲು ಹುಡುಕುತ್ತಿರಲಿಲ್ಲ, ಅವನನ್ನು ಕರೆಯುತ್ತಿದ್ದರು. ಕರೆದರೆ ಬರುತ್ತಿದ್ದ, ಬದಲಿಸುತ್ತಿದ್ದ, ಹೋಗುತ್ತಿದ್ದ. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಆಸಾಮಿ.

ಕೆಲಸ ಹುಕ್ಕಾ ಅಂಗಡಿಯಲ್ಲಿ. ಒಂಬತ್ತು ವರ್ಷದಿಂದ ಅದೇ ಅಂಗಡಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈರು ಅಂಗಡಿಯ ಮೇಲಿನ ಮಹಡಿ. ಹದಿನಾಲ್ಕು ಮೇಜು, ಗೋಡೆಯುದ್ದಕ್ಕೂ ಮೆತ್ತನೆಯ ಬೆಂಚು, ಮಧ್ಯಾಹ್ನವೂ ಉರಿಯುವ ದೀಪ. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ಎಷ್ಟು ಹೊತ್ತಾಯಿತು ಎಂದು ಒಳಗೆ ಕೂತವರಿಗೆ ತಿಳಿಯಬಾರದೆಂದೇ ಅಂಟಿಸಿದ್ದು.

ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಇಬ್ಬರು. ಒಬ್ಬ ಕೆಂಡಣ್ಣ, ಐವತ್ತೈದು ದಾಟಿದವನು. ಇದ್ದಿಲ ಬಿಲ್ಲೆಗಳನ್ನು ಕರೆಂಟಿನ ಒಲೆಯ ಮೇಲೆ ಸಾಲಾಗಿ ಇಟ್ಟು, ಅಂಚಿನಿಂದ ಅಂಚಿಗೆ ಕೆಂಪಾಗುವ ತನಕ ಇಕ್ಕಳದಲ್ಲಿ ಮಗುಚಿ ಹಾಕುವುದು ಅವನ ಪಾಲು. ಉಳಿದದ್ದೆಲ್ಲ ಏಣಿಯದು. ಗಾಜಿನ ಬುಡಕ್ಕೆ ನೀರು ತುಂಬಬೇಕು. ನಡುವಿನ ಕೊಳವೆ ನೀರಿನಲ್ಲಿ ಎರಡು ಬೆರಳು ಮುಳುಗಿರಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೇಲಿನ ಮಣ್ಣಿನ ಬಟ್ಟಲಿಗೆ ಹಣ್ಣಿನ ವಾಸನೆಯ ಪಾಕದಲ್ಲಿ ನೆನೆದ ತಂಬಾಕು ಉದುರಿಸಿ, ಬೆಳ್ಳಿಹಾಳೆ ಬಿಗಿದು, ಸೂಜಿಯಿಂದ ತೂತು ಮಾಡಬೇಕು. ಅದರ ಮೇಲೆ ಕೆಂಡಣ್ಣ ಕೆಂಡ ಇಟ್ಟ ನಂತರ ಕೊನೆಯ ಕೆಲಸ, ಎಳೆದು ಹತ್ತಿಸುವುದು.

ಹುಕ್ಕಾ ಗಿರಾಕಿಯ ಮುಂದೆ ಹೋದಾಗ ಮೊದಲ ಸಲಕ್ಕೇ ದಟ್ಟ ಹೊಗೆ ಬರಬೇಕು. ಬರದಿದ್ದರೆ ಅಂಗಡಿಯ ಹೆಸರು ಕೆಟ್ಟ ಹಾಗೆ. ಅದಕ್ಕೇ ಒಳಗೆ ಒಬ್ಬರು ಎಳೆದು ಕಳಿಸುತ್ತಾರೆ. ಏಣಿ ಬಾಯಿಗಿಡುವ ತನ್ನದೇ ಸ್ಟೀಲಿನ ಮೂತಿಯನ್ನು ಪೈಪಿನ ತುದಿಗೆ ಸಿಕ್ಕಿಸಿ ಮೂರು ಸಲ ಚಿಕ್ಕದಾಗಿ ಎಳೆಯುತ್ತಿದ್ದ. ನಾಲ್ಕನೆಯದು ಹೊಟ್ಟೆಯ ಬುಡದಿಂದ. ಹಾಗೆ ಎಳೆದು, ಉಸಿರು ಹಿಡಿದು, ಕೆಂಡದ ಬಣ್ಣ ನೋಡುತ್ತಿದ್ದ. ಬಣ್ಣ ಬಂದರೆ ಪೈಪಿನೊಳಕ್ಕೆ ಜೋರಾಗಿ ಊದಿ ಸುಟ್ಟ ಹೊಗೆಯನ್ನು ಹೊರಗೆ ತಳ್ಳಿ, ಒರೆಸಿ, ಮುಂದಕ್ಕೆ ಕೊಡುತ್ತಿದ್ದ. ದಿನಕ್ಕೆ ನಲವತ್ತು, ರಜೆಯ ದಿನ ಅರವತ್ತು. ಬೇರೆಯವರು ಹತ್ತು ಸಲ ಎಳೆದು ಕೆಮ್ಮಿ ಕಣ್ಣೀರು ಹಾಕುವ ಕಡೆ ಇವನದು ನಾಲ್ಕಕ್ಕೆ ಮುಗಿಯುತ್ತಿತ್ತು. ಮೂಲೆಯ ಮೇಜಿಗೆ ದಿನಾ ಮಧ್ಯಾಹ್ನ ಬರುವ ನಿವೃತ್ತ ಬ್ಯಾಂಕಿನವರು ಒಳಗೆ ಬರುವಾಗಲೇ ಕೂಗುತ್ತಿದ್ದರು, "ಏಣಿ ಹತ್ತಿಸಿದ್ದಾದ್ರೆ ಕೊಡಿ, ಇಲ್ದಿದ್ರೆ ಬರೀ ನೀರು ಕೊಡಿ, ಕುಡಿದು ಹೋಗ್ತೀನಿ."

ಇಷ್ಟಾದರೂ ಏಣಿ ಸೇದುವವನಲ್ಲ. ಹನ್ನೊಂದು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಅತ್ತೆ ಕೇಳಿದ್ದು ಒಂದೇ ಮಾತು.

"ಸೇದ್ತೀಯೇನಪ್ಪಾ? ನಮ್ಮೆಜಮಾನ್ರು ಸೇದಿ ಸೇದಿ ಹೋದ್ರು. ಸೇದೋನಿಗೆ ನಾನು ಮಗಳನ್ನ ಕೊಡಲ್ಲ."

"ಇಲ್ಲಮ್ಮ" ಎಂದಿದ್ದ. ಆ ಮಾತು ಉಳಿಸಿಕೊಂಡಿದ್ದ. ಅವನ ಜೇಬಿನಲ್ಲಿ ಒಂದು ಸಿಗರೇಟನ್ನೂ ಯಾರೂ ಕಂಡವರಿಲ್ಲ. ಹುಕ್ಕಾ ಎಳೆಯುವುದು ಕೆಲಸ. ಬಾಣಸಿಗ ಸಾರಿನ ರುಚಿ ನೋಡಿದರೆ ಊಟ ಮಾಡಿದ ಎನ್ನುತ್ತಾರೆಯೇ? ಹೆಂಡತಿಗೂ ಎಲ್ಲ ಗೊತ್ತಿತ್ತು. ಅವಳು ಶರ್ಟಿನ ಕಾಲರು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸಂಜೆ ಗಂಡನ ಅಂಗಿಯನ್ನು ಮೂಗಿಗೆ ಹಿಡಿದು, "ಇವತ್ತು ಸೇಬು ಜಾಸ್ತಿ ಹೋಗಿದೆ. ನಿನ್ನೆ ದ್ರಾಕ್ಷಿ. ನಿಮ್ಮ ಅಂಗಿ ಒಗೆದು ಒಗೆದು ನಾನೊಬ್ಳು ಹಣ್ಣಿನಂಗಡಿಯೋಳಾಗ್ಬಿಟ್ಟೆ ಕಣ್ರೀ" ಎಂದು ನಗುತ್ತಿದ್ದಳು. ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಹುಟ್ಟುಹಬ್ಬದ ಗುಂಪೊಂದು ಬಂದು ಒಟ್ಟಿಗೆ ಆರು ಹುಕ್ಕಾ ಹೇಳಿತು. ಐದನ್ನು ಏಣಿ ಹತ್ತಿಸಿ ಕಳಿಸಿದ. ಆರನೆಯದಕ್ಕೆ ಹೊಟ್ಟೆಯಿಂದ ಎಳೆದು ಉಸಿರು ಹಿಡಿದಾಗ, ಬಲಪಕ್ಕೆಯ ಒಳಗೆ ಹೊಲಿಗೆ ಬಿಟ್ಟ ಹಾಗೆ ಏನೋ ಚುರುಕ್ ಎಂದಿತು. ಅವನು ಉಸಿರು ಬಿಡಲಿಲ್ಲ. ಕೆಂಡ ನೋಡಿದ, ಬಣ್ಣ ಬಂದಿತ್ತು. ಊದಿದ, ಒರೆಸಿದ, ಕೊಟ್ಟ. ಆಮೇಲೆ ಗೋಡೆ ಹಿಡಿದುಕೊಂಡ.

"ಏನೋ?" ಎಂದ ಕೆಂಡಣ್ಣ.

"ಪಕ್ಕೆ ಹಿಡ್ಕೊಂಡಿದೆ."

"ವಾಯು ಅದು. ಹೊತ್ತಿಗೆ ಸರಿಯಾಗಿ ತಿನ್ನಲ್ಲ, ಮೈಯೆಲ್ಲಾ ಗಾಳಿ ತುಂಬ್ಕೊಂಡಿದೆ ನಿಂಗೆ. ತಗೋ, ಸೋಡಾ ಕುಡಿ."

ಸೋಡಾ ಕುಡಿದು ಇನ್ನೂ ಎರಡು ಗಂಟೆ ಕೆಲಸ ಮಾಡಿದ. ಹನ್ನೊಂದು ಹುಕ್ಕಾ. ಮನೆಗೆ ಹೊರಟವನು ತನ್ನ ಕಟ್ಟಡದ ಮೆಟ್ಟಿಲು ಹತ್ತಲಾರದೆ ಒಂಬತ್ತನೆಯ ಮೆಟ್ಟಿಲಲ್ಲಿ ಕೂತ. ಕಾರ್ಖಾನೆ ಬಿಟ್ಟು ಬಂದ ಹೆಂಡತಿ ಅಲ್ಲೇ ಅವನನ್ನು ಕಂಡಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆಯ ಶ್ವಾಸಕೋಶಕ್ಕೆ ಎಲ್ಲೋ ತೂತು ಬಿದ್ದು, ಗಾಳಿ ಎದೆಗೂಡಿನೊಳಕ್ಕೆ ಸೋರಿ, ಶ್ವಾಸಕೋಶ ಒದ್ದೆ ಬಟ್ಟೆಯ ಹಾಗೆ ಮುದುಡಿ ಮೂಲೆ ಸೇರಿತ್ತು.

"ಸಿಗರೇಟು ಗಿಗರೇಟು, ಏನಾದ್ರೂ ಸೇದ್ತೀರಾ?"

"ಇಲ್ಲ" ಎಂದ ಏಣಿ.

"ಮುಟ್ಟೋದೂ ಇಲ್ಲ ಡಾಕ್ಟ್ರೇ" ಎಂದಳು ಹೆಂಡತಿ, ತುಸು ಜಂಬದಲ್ಲೇ. "ಮದುವೆಗೇ ಅದು ನಮ್ಮಮ್ಮನ ಷರತ್ತು."

"ಕೆಲಸ?"

"ಅಂಗಡೀಲಿ."

ಡಾಕ್ಟರು ಹಾಳೆಯಲ್ಲಿ 'ಇಲ್ಲ' ಎಂದು ಬರೆದುಕೊಂಡರು. ಎತ್ತರವಾಗಿ ಸಣಕಲಾಗಿರುವ ಗಂಡಸರಿಗೆ ಒಮ್ಮೊಮ್ಮೆ ಕಾರಣವೇ ಇಲ್ಲದೆ ಹೀಗಾಗುವುದುಂಟು ಎಂದರು. ಪಕ್ಕೆಗೆ ಮರಗಟ್ಟಿಸುವ ಸೂಜಿ ಕೊಟ್ಟು, ಎರಡು ಎಲುಬುಗಳ ನಡುವೆ ನಳಿಕೆ ತೂರಿಸಿದರು. ನಳಿಕೆಯ ಇನ್ನೊಂದು ತುದಿ ಮಂಚದ ಕೆಳಗಿನ ನೀರಿನ ಬಾಟಲಿಯೊಳಗೆ. ಎದೆಯ ಗಾಳಿ ನೀರಿನಲ್ಲಿ ಗುಳುಗುಳು ಎಂದು ಹೊರಗೆ ಬರತೊಡಗಿತು.

ಮಾರನೆಯ ದಿನ ಎಂಟು ವರ್ಷದ ಮಗಳು ಬಂದಳು. ಬಗ್ಗಿ ಬಾಟಲಿ ನೋಡಿದಳು.

"ಅಪ್ಪಾ, ಇಲ್ಲೂ ಹುಕ್ಕಾ ಇಟ್ಟಿದಾರೆ!"

"ಶ್, ಸುಮ್ನಿರೇ" ಎಂದು ತಾಯಿ ನಕ್ಕಳು. ಪಕ್ಕದ ಮಂಚದವರೂ ನಕ್ಕರು. ಏಣಿ ನಗಲು ಹೋಗಿ ನೋವಾಗಿ ನಿಲ್ಲಿಸಿದ.

ಐದನೆಯ ದಿನ ನಳಿಕೆ ತೆಗೆದು ಮನೆಗೆ ಕಳಿಸಿದರು. ಭಾರ ಎತ್ತಬೇಡಿ, ವಿಮಾನ ಹತ್ತಬೇಡಿ, ಆಳದ ನೀರಿಗೆ ಇಳಿಯಬೇಡಿ ಎಂದರು. "ಅದೇ ಕಡೆ ಇನ್ನೊಂದ್ಸಲ ತೂತು ಬಿತ್ತು ಅಂದ್ರೆ ಎದೆ ಕೊಯ್ದೇ ಸರಿ ಮಾಡ್ಬೇಕಾಗುತ್ತೆ. ಹುಷಾರು."

"ವಿಮಾನದ ಭಯ ಬೇಡ ಡಾಕ್ಟ್ರೇ" ಎಂದಳು ಹೆಂಡತಿ. "ಬಸ್ ಹತ್ತೋದೇ ನಮಗೆ ಹಬ್ಬ. ಭಾರ ಮಾತ್ರ ನಾನೇ ನೋಡ್ಕೋತೀನಿ."

ಅವಳು ನೋಡಿಕೊಂಡಳು. ನೀರಿನ ಬಿಂದಿಗೆ ಮುಟ್ಟಲು ಬಿಡಲಿಲ್ಲ. ಮಗಳ ಶಾಲೆಯ ಚೀಲವನ್ನು ಅವನ ಕೈಯಿಂದ ಕಸಿದುಕೊಂಡಳು. ಹದಿನೈದು ದಿನದ ಮೇಲೆ ಅವನು ಕೆಲಸಕ್ಕೆ ಹೊರಟಾಗ ಮೊದಲೇ ಹೋಗಿ ಅಂಗಡಿಯ ಯಜಮಾನರನ್ನು ಕಂಡು ಹೇಳಿ ಬಂದಳು, "ಇವರ ಕೈಲಿ ಭಾರ ಎತ್ತಿಸ್ಬಾರ್ದಂತೆ ಸಾರ್. ಎತ್ತಿದ್ರೆ ಮತ್ತೆ ತೂತು ಬೀಳುತ್ತಂತೆ."

ಯಜಮಾನರು ಕೆಟ್ಟವರಲ್ಲ. ಹಿಂದಿನ ಕೋಣೆಗೆ ಬಂದು ಕೆಂಡಣ್ಣನೆದುರೇ ಅಪ್ಪಣೆ ಮಾಡಿದರು. "ಏಣಿ ಕೈಗೆ ಒಂದು ಲೋಟ ಕೊಟ್ರೂ ನಾನು ಸುಮ್ನಿರಲ್ಲ. ಅವನು ಕೂತ್ಕೊಂಡು ಎಳೆದು ಕೊಟ್ರೆ ಸಾಕು."

ಗಿರಾಕಿಗಳ ಕಡೆಯಿಂದ ಒಂದು ಮೆತ್ತೆಯ ಕುರ್ಚಿ ಒಳಗೆ ಬಂತು. ನೀರಿನ ಕ್ಯಾನು, ಗಾಜಿನ ಬುಡ, ಇದ್ದಿಲ ಪೆಟ್ಟಿಗೆ ಎಲ್ಲವನ್ನೂ ಕೆಂಡಣ್ಣನೇ ಹೊತ್ತ. ಹಿಂದೆಲ್ಲ ಜನ ಮುತ್ತಿದಾಗ ಕೆಂಡಣ್ಣನೂ ನಾಲ್ಕಾರು ಹುಕ್ಕಾ ಎಳೆದು ಹತ್ತಿಸುತ್ತಿದ್ದ. ಈಗ ಹೊರುವ ಕೆಲಸ ಅವನಿಗೆ ಬಿತ್ತು, ಎಳೆಯುವುದೆಲ್ಲ ಏಣಿಯ ಪಾಲಾಯಿತು. ನೀರು ತುಂಬಲು, ಹಾಳೆ ಬಿಗಿಯಲು ಏಳುತ್ತಿದ್ದಾಗ ನಡುವೆ ಸಿಗುತ್ತಿದ್ದ ಬಿಡುವೂ ಹೋಯಿತು. ಒಂದಾದ ಮೇಲೆ ಒಂದು ಪೈಪು ಕೈಗೆ ಬರುತ್ತಿತ್ತು. ನಲವತ್ತಿದ್ದದ್ದು ಐವತ್ತೈದಾಯಿತು.

"ರಾಜನ ಹಂಗೆ ಕೂತಿದೀಯಲ್ಲೋ" ಎನ್ನುತ್ತಿದ್ದ ಕೆಂಡಣ್ಣ, ಏದುಸಿರು ಬಿಡುತ್ತಾ. "ಎದೆ ಒಡೆದ್ರೆ ಒಡೀಬೇಕು ನೋಡು, ಹಿಂಗೆ ಕುರ್ಚಿ ಸಿಗುತ್ತೆ ಅಂದ್ರೆ."

ಹೆಂಡತಿ ಮನೆಯಲ್ಲಿ ಅವರನ್ನೆಲ್ಲ ಹರಸಿದಳು. "ಈ ಕಾಲದಲ್ಲಿ ಇಂಥ ಜನ ಎಲ್ಲಿ ಸಿಗ್ತಾರೆ ರೀ."

ಪಕ್ಕೆಯ ಗಾಯದ ಸುತ್ತ ಅಂಗೈಯಗಲ ಜಾಗಕ್ಕೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಸ್ನಾನ ಮಾಡುವಾಗ ಏಣಿ ಅಲ್ಲಿ ಬೆರಳಿಟ್ಟು ನೋಡುತ್ತಿದ್ದ. ಬೇರೆಯವರ ಮೈ ಮುಟ್ಟಿದ ಹಾಗೆ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಭಾರ ಎತ್ತಬಾರದು, ಎತ್ತುತ್ತಿಲ್ಲ. ಅಷ್ಟೇ.

ಕೆಲಸಕ್ಕೆ ಮರಳಿದ ಇಪ್ಪತ್ತಮೂರನೆಯ ದಿನ, ಬ್ಯಾಂಕಿನವರ ಹುಕ್ಕಾ ಹತ್ತಿಸುವಾಗ, ಕೂತ ಕುರ್ಚಿಯಲ್ಲೇ ಅದು ಮತ್ತೆ ಆಯಿತು. ಈ ಸಲ ಊದುವುದಕ್ಕೆ ಉಸಿರೇ ಬರಲಿಲ್ಲ. ಪೈಪು ತೊಡೆಯ ಮೇಲೆ ಬಿತ್ತು. ಕೆಂಡಣ್ಣ ಇಕ್ಕಳ ಎಸೆದು ಬಂದ. ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಮಹಡಿ ಇಳಿದ. ಉದ್ದ ಕಾಲುಗಳು ಪ್ರತಿ ಮೆಟ್ಟಿಲಿಗೂ ತಾಗುತ್ತಿದ್ದವು.

ಅದೇ ಆಸ್ಪತ್ರೆ, ಅದೇ ಪಕ್ಕೆ, ಅದೇ ಬಾಟಲಿ. ಏಣಿ ಛಾವಣಿ ನೋಡುತ್ತ ಮಲಗಿದ. ಹೆಂಡತಿ ಕೇಳುವುದನ್ನೇ ಕೇಳುತ್ತಿದ್ದಳು.

"ನಿಜ ಹೇಳಿ. ಏನಾದ್ರೂ ಎತ್ತಿದ್ರಾ?"

"ಇಲ್ಲ."

"ಕ್ಯಾನು?"

"ಇಲ್ಲ ಕಣೇ. ಕೂತೇ ಇದ್ದೆ."

ಎರಡನೆಯ ದಿನ ಮಧ್ಯಾಹ್ನ, ನರ್ಸು ಪಕ್ಕದ ಮಂಚದವನಿಗೆ ಮಾತ್ರೆ ಕೊಡುತ್ತಿದ್ದಾಗ, ಏಣಿ ಕರೆದ. "ಸಿಸ್ಟರ್, ಪೈಪು ಎಲ್ಲೋ ಮಡಚ್ಕೊಂಡಿದೆ."

"ಯಾವ ಪೈಪು?"

"ನಂದು. ಸದ್ದು ನಿಂತೋಯ್ತು. ನೀರು ಅಲ್ಲಾಡ್ತಿಲ್ಲ."

ನರ್ಸು ಹಾಸಿಗೆ ಎತ್ತಿ ನೋಡಿದಳು. ನಳಿಕೆ ಅವನ ಸೊಂಟದ ಕೆಳಗೆ ಸಿಕ್ಕಿ ಮಡಚಿತ್ತು. ನೇರ ಮಾಡಿದಳು. ಗುಳುಗುಳು ಮತ್ತೆ ಶುರುವಾಯಿತು.

"ಪರವಾಗಿಲ್ವೇ! ನಮ್ಮ ಹೊಸ ಹುಡುಗೀರಿಗೇ ಇದು ಗೊತ್ತಾಗಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಅದೇ ನನ್ನ ಕೆಲಸ. ಇನ್ನೊಂದು ಸಿಸ್ಟರ್, ಬಾಟ್ಲೀಲಿ ಕೊಳವೆ ಮೂರು ಬೆರಳು ಮುಳುಗಿದೆ. ನಾವಾದ್ರೆ ಎರಡೇ ಬಿಡೋದು."

"ಏನು ಕೆಲಸ ನಿಮ್ದು?"

"ಹುಕ್ಕಾ ಅಂಗಡಿ. ಎಳೆದು ಹತ್ತಿಸಿ ಕೊಡೋದು."

ನರ್ಸು ಮಾತ್ರೆಯ ತಟ್ಟೆ ಕೆಳಗಿಟ್ಟಳು. "ಎಳೆದು ಅಂದ್ರೆ? ಬಾಯಲ್ಲಾ?"

"ಮತ್ತೆ ಕೈಲಿ ಎಳೆಯೋಕಾಗುತ್ತಾ?"

ಅವಳು ನಗಲಿಲ್ಲ. ಹೋಗಿ ಡಾಕ್ಟರನ್ನು ಕರೆತಂದಳು. ಊಟದ ಡಬ್ಬಿ ಹಿಡಿದ ಹೆಂಡತಿಯೂ ಅದೇ ಹೊತ್ತಿಗೆ ಒಳಗೆ ಬಂದಳು. ಡಾಕ್ಟರು ಮಂಚದ ಅಂಚಿನಲ್ಲಿ ಕೂತರು.

"ದಿನಕ್ಕೆ ಎಷ್ಟು ಹತ್ತಿಸ್ತೀರಿ?"

"ನಲವತ್ತು. ಈಚೆಗೆ ಐವತ್ತೈದು."

"ಎಷ್ಟು ವರ್ಷದಿಂದ?"

"ಒಂಬತ್ತು."

"ಒಂದಕ್ಕೆ ಎಷ್ಟು ಸಲ ಎಳೀತೀರಿ?"

"ನಾಲ್ಕೇ" ಎಂದ ಏಣಿ. "ಬೇರೆಯವ್ರು ಹತ್ತು ಎಳೀತಾರೆ. ಕೊನೇದು ಸ್ವಲ್ಪ ಉದ್ದ ಎಳೆದು ಹಿಡೀತೀನಿ."

ಡಾಕ್ಟರು ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ, "ಸೇದಲ್ಲ ಅಂದಿದ್ರಿ" ಎಂದರು.

"ಇವರು ಸೇದಲ್ಲ ಡಾಕ್ಟ್ರೇ" ಎಂದಳು ಹೆಂಡತಿ. "ಅದು ಕೆಲಸ."

"ಕೆಲಸ ಅಂತ ಎದೆಗೆ ಹೇಗಮ್ಮ ಗೊತ್ತಾಗಬೇಕು?"

"ನೀರಲ್ಲಿ ತೊಳೆದು ಬರುತ್ತೆ ಸಾರ್ ಹೊಗೆ" ಎಂದ ಏಣಿ.

"ತಣ್ಣಗಾಗಿ ಬರುತ್ತೆ, ಅಷ್ಟೆ. ತಣ್ಣಗಿರೋದ್ರಿಂದಾನೇ ಅಷ್ಟು ಆಳಕ್ಕೆ ಎಳೀತೀರಿ. ಒಳಗೆ ಸವೆದು ತೆಳ್ಳಗಾಗಿರೋ ಜಾಗಗಳಿವೆ. ಅದರ ಮೇಲೆ ಹೊಟ್ಟೆಯಿಂದ ಎಳೆದು, ಹಿಡಿದು, ಊದಿದ್ರೆ ಸೀಳದೆ ಏನಾಗುತ್ತೆ? ಗಿರಾಕಿ ದಿನಕ್ಕೊಂದು ಸೇದಿ ಮನೆಗೆ ಹೋಗ್ತಾನೆ. ಎಲ್ಲ ಗಿರಾಕಿಗಳ ಮೊದಲ ಹೊಗೆ ನಿಮ್ಮೊಳಗಿದೆ."

ಡಾಕ್ಟರು ಹಾಳೆ ತೆಗೆದು 'ಇಲ್ಲ' ಎಂಬುದರ ಮೇಲೆ ಅಡ್ಡಗೆರೆ ಎಳೆದು ಬೇರೆ ಬರೆದರು. ಏಣಿ ಪೆನ್ನು ಹೋದ ದಾರಿಯನ್ನು ನೋಡಿದ. ಸಿಟ್ಟು ಬರಬೇಕಿತ್ತು, ಅಥವಾ ನಾಚಿಕೆ. ಎರಡೂ ಬರಲಿಲ್ಲ. ಅಂಗೈಯಗಲ ಇದ್ದ ಮರಗಟ್ಟಿದ ಜಾಗ ಮೈಯೆಲ್ಲ ಹರಡಿದ ಹಾಗಿತ್ತು. ಹೆಂಡತಿ ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು.

ಮೂರು ದಿನದ ಮೇಲೆ ಎದೆ ಕೊಯ್ದರು. ಹರಿದ ಜಾಗ ಕತ್ತರಿಸಿ, ಶ್ವಾಸಕೋಶವನ್ನು ಎದೆಗೂಡಿನ ಗೋಡೆಗೆ ಅಂಟಿಕೊಳ್ಳುವ ಹಾಗೆ ಮಾಡಿದರು. ಅದು ಇನ್ನು ಸುಲಭಕ್ಕೆ ಕುಸಿಯುವುದಿಲ್ಲ, ಆದರೆ ಎಡಗಡೆಯದಕ್ಕೆ ನಾವು ಏನೂ ಮಾಡಿಲ್ಲ, ಅದು ನಿಮ್ಮ ಕೈಯಲ್ಲಿದೆ ಎಂದರು.

ಕೆಂಡಣ್ಣ ನೋಡಲು ಬಂದ. ಬಂದವನು ಮೊದಲು ತಮಾಷೆಯಾಗಿಯೇ ಇದ್ದ. "ಜನ ಏಣಿ ಹತ್ತಿ ಮಹಡಿಗೆ ಹೋಗ್ತಾರಂತೆ. ನಾನು ಏಣೀನೇ ಹೊತ್ಕೊಂಡು ಇಳಿದೆ. ಸೊಂಟ ಇನ್ನೂ ನೆಟ್ಟಗಾಗಿಲ್ಲ." ಏಣಿ ಡಾಕ್ಟರು ಹೇಳಿದ್ದನ್ನು ಎರಡೇ ಮಾತಿನಲ್ಲಿ ಹೇಳಿದ. ಕೆಂಡಣ್ಣ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. ಇಕ್ಕಳ ಹಿಡಿದು ಹಿಡಿದು ಎರಡು ಬೆರಳಿನ ಚರ್ಮ ಕರಕಾಗಿತ್ತು.

"ಭಾರ ಎತ್ತಬಾರ್ದು ಅಂದ್ರು, ಎತ್ತಿಸ್ಲಿಲ್ಲ" ಎಂದ. "ಕುರ್ಚಿ ನಾನೇ ತಂದು ಹಾಕಿದ್ದು."

"ಗೊತ್ತು ಬಿಡಣ್ಣ."

"ಒಂದೊಂದಾಗಿ ನಾನೇ ಕೈಗೆ ಕೊಟ್ಟೆ."

"ಬಿಡಣ್ಣ."

"ಈಗ ಯಾರು ಎಳೀತಿದಾರೆ ಗೊತ್ತಾ?"

ಏಣಿಗೆ ಗೊತ್ತಾಯಿತು. ಕೆಂಡಣ್ಣನ ಎದೆಯ ಕಡೆ ನೋಡಿದ.

ಮನೆಗೆ ಬಂದ ಮೇಲೆ ಹೆಂಡತಿ ಹಳೆಯ ಅಂಗಿಗಳನ್ನೆಲ್ಲ ಎರಡು ಸಲ ಒಗೆದು ಒಣಗಿಸಿದಳು. ಮಡಚುತ್ತ ಒಂದು ದಿನ ಕೇಳಿದಳು.

"ನಿಮಗೆ ಗೊತ್ತಿತ್ತಾ?"

"ಇಲ್ಲ."

"ನನಗೂ." ಕಾಲರು ನೇವರಿಸಿ, "ವಾಸನೆ ನೋಡಿ ನಗ್ತಿದ್ದೆ ನಾನು" ಎಂದಳು. ಅವನು ಮಡಚಿದ ಅಂಗಿಗಳನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟ. ಅತ್ತೆಗೆ ಮಾತ್ರ ಇಬ್ಬರೂ ಏನೂ ಹೇಳಲಿಲ್ಲ.

ಆರು ವಾರ ಕಳೆದ ಮೇಲೆ ಯಜಮಾನರು ಹೇಳಿ ಕಳಿಸಿದರು. ಏಣಿ ಮಧ್ಯಾಹ್ನ ಮೂರು ಗಂಟೆಗೆ ಹೋದ. ಮಹಡಿ ಹತ್ತುವಾಗ ಎರಡು ಕಡೆ ನಿಂತ. ಒಳಗೆ ಅದೇ ದೀಪ, ಅದೇ ಸಿಹಿ ಹೊಗೆ. ಅವನು ಬಾಗಿಲ ಹತ್ತಿರವೇ ನಿಂತ. ಯಜಮಾನರು ಎದ್ದು ಬಂದು ಭುಜ ಮುಟ್ಟಿದರು.

"ನೀನು ಇನ್ನು ಎಳೆಯೋದು ಬೇಡ. ನನಗೂ ಹೆಂಡ್ತಿ ಮಕ್ಕಳಿದಾರೆ, ನಾನೇನು ಕಟುಕನಲ್ಲ. ಹೊಸಬರನ್ನಿಬ್ಬರನ್ನ ತಗೋತೀನಿ. ನೀನು ಪಕ್ಕದಲ್ಲಿ ಕೂತು ನಿನ್ನ ಎಳೆತ ಹೇಳಿಕೊಡು. ನಾಲ್ಕರಲ್ಲಿ ಹತ್ತಿಸೋದು, ಆ ಉಸಿರು ಹಿಡಿಯೋದು. ಸಂಬಳ ಇದ್ದಷ್ಟೇ. ಆಗಬಹುದಾ?"

ಏಣಿಯ ಮನೆಯಲ್ಲಿ ಈಗ ಹೆಂಡತಿಯೊಬ್ಬಳದೇ ದುಡಿಮೆ. ಬೇರೆ ಕೆಲಸ ಅವನಿಗೆ ಬಾರದು. ಭಾರ ಎತ್ತುವ ಕೆಲಸ ಯಾರೂ ಕೊಡರು. ಇದು ಬಂದದ್ದು ದೊಡ್ಡದು. ಇದಿಷ್ಟೂ ಅವನಿಗೆ ತಿಳಿದಿತ್ತು.

"ಹೇಳಿಕೊಡೋಕಾಗಲ್ಲ ಯಜಮಾನ್ರೇ."

"ಯಾಕೆ? ಬಾಯಲ್ಲಿ ಹೇಳೋಕೆ ಎದೆ ಯಾಕೆ ಬೇಕು?"

ಅಷ್ಟರಲ್ಲಿ ಮೂಲೆಯ ಮೇಜಿನಿಂದ ಬ್ಯಾಂಕಿನವರು ಕೈ ಎತ್ತಿದರು. "ಓಹೋ, ಬಂದ್ರಾ ಏಣಿ! ಒಂದೂವರೆ ತಿಂಗಳಿಂದ ಬರೀ ಬಿಸಿಗಾಳಿ ಕುಡೀತಿದೀನಿ ಮಾರಾಯ್ರೇ. ಒಂದೇ ಒಂದು ಹತ್ತಿಸಿಕೊಡಿ. ಒಂದಕ್ಕೇನೂ ಆಗಲ್ಲ."

"ಆಗಲ್ಲ ಸಾರ್. ಬಿಟ್ಟಿದೀನಿ."

"ಏನು ಬಿಟ್ರಿ?"

"ಸೇದೋದು."

ಬ್ಯಾಂಕಿನವರು ಜೋರಾಗಿ ನಕ್ಕರು. "ನೀವೆಲ್ಲಿ ಸೇದ್ತಿದ್ರಿ? ಸೇದೋರು ನಾವು."

"ನಾನೇ ಸಾರ್. ಒಂಬತ್ತು ವರ್ಷ ಸೇದಿದೀನಿ. ನಿಮಗಿಂತ ಮೊದಲು ದಿನಾ ನಾನು ಸೇದಿ ಕೊಡ್ತಿದ್ದೆ. ಎದೆ ಕೊಯ್ದು ನೋಡಿದಾರೆ."

ಅವನ ಆಯುಷ್ಯದಲ್ಲಿ ಒಂದೇ ಉಸಿರಿಗೆ ಇಷ್ಟು ಮಾತು ಆಡಿದ್ದು ಅದೇ ಮೊದಲಿರಬೇಕು. ದನಿ ಏರಿರಲಿಲ್ಲ. ಬ್ಯಾಂಕಿನವರ ನಗು ನಿಧಾನಕ್ಕೆ ನಿಂತಿತು. ಯಜಮಾನರು ನೆಲ ನೋಡಿದರು.

ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಕೆಂಡಣ್ಣ ಹೊಸ ಕೆಂಡ ಇಟ್ಟ ಹುಕ್ಕಾದ ಮುಂದೆ ನಿಂತಿದ್ದ. ಪೈಪು ಕೈಯಲ್ಲಿತ್ತು. ಎಲ್ಲ ಕೇಳಿಸಿಕೊಂಡಿದ್ದ.

"ಅಣ್ಣಾ, ನೀನೂ ಒಂದು ಸಲ ಎದೆ ಚಿತ್ರ ತೆಗೆಸು" ಎಂದ ಏಣಿ.

ಕೆಂಡಣ್ಣ ಪೈಪನ್ನು ಬಾಯಿಗೆ ಇಡಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ. ಹುಕ್ಕಾದ ಮೇಲಿನ ಕೆಂಡ ಎಳೆಯುವವರಿಲ್ಲದೆ ಅಂಚಿನಿಂದ ಬೂದಿ ಕಟ್ಟತೊಡಗಿತು.

ಏಣಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.